ತೂಕ ಇಳಿಸುವ ಇಂಜೆಕ್ಷನ್: ನಿಮಗೆ ಯಾವುದು, ನಿರ್ಧರಿಸುವುದು ಹೇಗೆ?

ಮೌಂಜಾರೊ ಒಳ್ಳೆಯದಾ, ವೆಗೋವಿ ಒಳ್ಳೆಯದಾ ಅಂತ ಕೇಳುವ ಮೊದಲು ನಿಮ್ಮ ಬಿಎಂಐ ಎಷ್ಟು ಅಂತ ನೋಡಿಕೊಳ್ಳಿ. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುತ್ತದೆ. 1.6 ಮೀಟರ್ ಎತ್ತರದವರು 77 ಕಿಲೋ ಇದ್ದರೆ ಅದು 30. ಬಿಎಂಐ 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ 27 ಅಥವಾ ಅದಕ್ಕಿಂತ ಹೆಚ್ಚಿದ್ದು ಜೊತೆಗೆ ಶುಗರ್, ಬಿಪಿ, ಕೊಲೆಸ್ಟ್ರಾಲ್‌ನಂಥ ತೊಂದರೆ ಇದ್ದರೆ ಮಾತ್ರ ಈ ಇಂಜೆಕ್ಷನ್‌ಗಳ ಮಾತು. ಮಗಳ ಮದುವೆಗೆ ಐದು ಕಿಲೋ ಇಳಿಸಬೇಕು ಅನ್ನುವವರಿಗಲ್ಲ.

ಆಮೇಲೆ ಮನೆಯವರ ಆರೋಗ್ಯದ ಚರಿತ್ರೆ ಕೇಳಿ. ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಅನ್ನುವ ಅಪರೂಪದ ಕ್ಯಾನ್ಸರ್ ನಿಮಗೋ ರಕ್ತಸಂಬಂಧಿಗಳಿಗೋ ಬಂದಿದ್ದರೆ ಎರಡೂ ಬೇಡ. ಬೆಳಿಗ್ಗೆ ಎದ್ದು ಥೈರಾಯ್ಡ್ ಮಾತ್ರೆ ನುಂಗುವ ಎಷ್ಟೋ ಜನ ಇದನ್ನು ಕೇಳಿ ಸುಮ್ನೆ ಹೆದರುತ್ತಾರೆ. ಆ ಸಾಮಾನ್ಯ ಥೈರಾಯ್ಡ್ ತೊಂದರೆಯೇ ಬೇರೆ, ಅದು ಅಡ್ಡಿಯಲ್ಲ. ಹಿಂದೆ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತಾ, ಪಿತ್ತಕೋಶದಲ್ಲಿ ಕಲ್ಲಿದೆಯಾ, ಇದನ್ನೆಲ್ಲ ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. ಗರ್ಭಿಣಿಯರಿಗೆ ಇದು ಕೂಡದು. ಮಗು ಬೇಕು ಅಂತಿದ್ದರೆ ವೆಗೋವಿಯನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು.

ಇಷ್ಟಾದ ಮೇಲೆ ಆಯ್ಕೆ. ವೆಗೋವಿಯಲ್ಲಿರುವುದು ಸೆಮಾಗ್ಲುಟೈಡ್. ಒಜೆಂಪಿಕ್ ಅಂತ ಕೇಳಿರುತ್ತೀರಿ, ಅದೂ ಇದೇ ಔಷಧಿ, ಆದರೆ ಶುಗರ್ ಇರುವವರಿಗಾಗಿ ಬಂದದ್ದು. ಮೌಂಜಾರೊದಲ್ಲಿರುವುದು ಟಿರ್ಜೆಪಟೈಡ್. ಸೆಮಾಗ್ಲುಟೈಡ್ ಕರುಳಿನ ಒಂದು ಹಾರ್ಮೋನ್‌ನಂತೆ ಕೆಲಸ ಮಾಡಿದರೆ ಟಿರ್ಜೆಪಟೈಡ್ ಎರಡರಂತೆ ಮಾಡುತ್ತದೆ. ಎರಡನ್ನೂ ವಾರಕ್ಕೊಮ್ಮೆ ಚುಚ್ಚಿಕೊಳ್ಳಬೇಕು. 2025ರಲ್ಲಿ ಎರಡನ್ನೂ ಎದುರುಬದುರು ಇಟ್ಟು ನೋಡಿದ ಅಧ್ಯಯನದ ಫಲಿತಾಂಶ ಬಂತು. 72 ವಾರಗಳಲ್ಲಿ ಟಿರ್ಜೆಪಟೈಡ್ ತಗೊಂಡವರ ತೂಕ ಸರಾಸರಿ ಶೇ 20ರಷ್ಟು, ಸೆಮಾಗ್ಲುಟೈಡ್ ತಗೊಂಡವರದ್ದು ಶೇ 14ರ ಹತ್ತಿರ ಇಳಿದಿತ್ತು. ಹಾಗಾದರೆ ಮೌಂಜಾರೊನೇ ಅಲ್ವಾ ಅಂದರೆ, ಎಲ್ಲರಿಗೂ ಅಲ್ಲ. ಈಗಾಗಲೇ ಹಾರ್ಟ್ ಅಟ್ಯಾಕ್ ಆದವರಿಗೆ ನಾನಾದರೆ ಮೊದಲು ಸೆಮಾಗ್ಲುಟೈಡ್ ಬಗ್ಗೆ ಕೇಳಿ ಅನ್ನುತ್ತೇನೆ. ಶುಗರ್ ಇಲ್ಲದ, ಹೃದಯದ ಕಾಯಿಲೆ ಇರುವ ದಪ್ಪ ಮೈಯವರಲ್ಲಿ ಅದು ಹೃದಯಾಘಾತ, ಪಾರ್ಶ್ವವಾಯುವಿನಂಥ ಅಪಾಯವನ್ನು ಶೇ 20ರಷ್ಟು ತಗ್ಗಿಸಿದ್ದು 2023ರಲ್ಲೇ ಗೊತ್ತಾಗಿದೆ. ರಾತ್ರಿ ಗೊರಕೆ ಹೊಡೆಯುತ್ತಾ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇದ್ದರೆ ಟಿರ್ಜೆಪಟೈಡ್ ಕಡೆ ವಾಲಬಹುದು. ಆದರೆ ಅದು ಗರ್ಭನಿರೋಧಕ ಮಾತ್ರೆಯ ಪರಿಣಾಮ ಕಡಿಮೆ ಮಾಡುತ್ತದೆ. ಶುರು ಮಾಡಿದಾಗ ಮತ್ತು ಪ್ರತಿ ಸಲ ಡೋಸ್ ಏರಿಸಿದಾಗ ನಾಲ್ಕು ವಾರ ಬೇರೆ ಉಪಾಯವೂ ಬೇಕು.

ಈಗ ದುಡ್ಡು. ಇದನ್ನು ಕೊನೆಗೆ ಅಂತ ಬಿಡಬೇಡಿ. 2025ರ ಮಾರ್ಚ್‌ನಲ್ಲಿ ಮೌಂಜಾರೊ ಭಾರತಕ್ಕೆ ಬಂದಾಗ 2.5 ಮಿ.ಗ್ರಾಂ ವಯಲ್‌ಗೆ (ಔಷಧಿಯ ಪುಟ್ಟ ಸೀಸೆ) 3,500 ರೂಪಾಯಿ, 5 ಮಿ.ಗ್ರಾಂಗೆ 4,375 ರೂಪಾಯಿ ಇತ್ತು. ಒಂದು ವಯಲ್ ಅಂದರೆ ಒಂದೇ ವಾರ! ಜೂನ್‌ನಲ್ಲಿ ವೆಗೋವಿ ಬಂದಾಗ ತಿಂಗಳಿಗೆ ಸುಮಾರು 17,000ದಿಂದ ಶುರುವಾಗಿ ದೊಡ್ಡ ಡೋಸ್‌ಗೆ 26,000 ದಾಟುತ್ತಿತ್ತು. ಆಮೇಲೆ ಬೆಲೆ ಇಳಿಸಿದರು. 2026ರ ಮಾರ್ಚ್‌ನಲ್ಲಿ ಸೆಮಾಗ್ಲುಟೈಡ್ ಪೇಟೆಂಟ್ ಮುಗಿದು ನಮ್ಮ ಕಂಪನಿಗಳಿಗೂ ಅದನ್ನು ತಯಾರಿಸುವ ದಾರಿ ತೆರೆಯಿತು. ಹಾಗಾಗಿ ಹಳೇ ಬೆಲೆ ನಂಬದೆ ಮೆಡಿಕಲ್ ಸ್ಟೋರ್‌ನಲ್ಲಿ ಇವತ್ತಿನದ್ದು ಕೇಳಿ. ಚಿಕ್ಕ ಡೋಸ್‌ನದ್ದಲ್ಲ, ದೊಡ್ಡ ಡೋಸ್‌ನದ್ದು ಕೇಳಿ, ಯಾಕಂದರೆ ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ಏರಿಸುತ್ತಾ ಹೋಗುತ್ತಾರೆ. ಅದರ ಒಂದು ತಿಂಗಳ ಖರ್ಚನ್ನು 24ರಿಂದ ಗುಣಿಸಿ. ಎರಡು ವರ್ಷ ಕೊಡಲು ಆಗುತ್ತಾ? ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿ ಬಂದದ್ದನ್ನು ಅಧ್ಯಯನದಲ್ಲಿ ಕಂಡಿದ್ದಾರೆ. ಕೈಗೆಟುಕುವುದನ್ನು ಬಹಳ ಕಾಲ ತಗೊಳ್ಳುವುದು, ದುಬಾರಿಯದನ್ನು ಮೂರೇ ತಿಂಗಳಿಗೆ ಬಿಡುವುದಕ್ಕಿಂತ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಶುರುವಿನಲ್ಲಿ ವಾಕರಿಕೆ, ಮಲಬದ್ಧತೆ, ಭೇದಿ ಎರಡರಲ್ಲೂ ಬರಬಹುದು. ತಟ್ಟೆ ತುಂಬ ಬಡಿಸಿಕೊಳ್ಳಬೇಡಿ, ಕರಿದದ್ದು ಕಡಿಮೆ ಮಾಡಿ. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಆದ್ದರಿಂದ ಹಸಿವಿಲ್ಲದಿದ್ದರೂ ಮೊಟ್ಟೆ, ಹುರುಳಿಕಾಳು, ಮೊಸರು ಬಿಡಬೇಡಿ. ಹೊಟ್ಟೆನೋವು ಜೋರಾಗಿ ಬೆನ್ನಿಗೆ ಹರಡಿದರೆ ಆಸ್ಪತ್ರೆಗೆ ಹೊರಡಿ. ಗ್ಲಿಮಿಪಿರೈಡ್ ಅನ್ನುವ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರಿಗೆ ಶುಗರ್ ತೀರಾ ಇಳಿಯಬಹುದು, ಅದರ ಡೋಸ್ ಬದಲಿಸಬೇಕಾ ಅಂತ ಮೊದಲೇ ಕೇಳಿ.

ಡಾಕ್ಟರ್ ಚೀಟಿ ಇಲ್ಲದೆ ಜಿಮ್‌ನಲ್ಲೋ ಬ್ಯೂಟಿ ಪಾರ್ಲರ್‌ನಲ್ಲೋ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಅಂಗಡಿಯಲ್ಲಿ ಬಿಲ್ ಕೇಳಿ, ಅದರಲ್ಲಿರುವ ಬ್ಯಾಚ್ ನಂಬರ್ ಡಬ್ಬಿಯ ಮೇಲಿನದಕ್ಕೆ ಹೊಂದುತ್ತಾ ನೋಡಿ. ಇದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರಿಜ್‌ನಿಂದ ತೆಗೆಯದೆ ಶೆಲ್ಫಿನಿಂದ ಎತ್ತಿಕೊಟ್ಟರೆ ಅಲ್ಲೇ ವಾಪಸ್ ಕೊಟ್ಟುಬಿಡಿ.