ಮುದ್ದೆಮಾಲು ರಿಜಿಸ್ಟರ್‌ನ ಖಾಲಿ ಪುಟ

ನಮ್ಮ ಪೊಲೀಸ್ ಇಲಾಖೆಗೆ ಮಾನ್ಯತೆ ತರುವ ಕೆಲಸ ನನ್ನ ಪಾಲಿಗೆ ಬಂದಾಗ, ನಿಯಮಗಳನ್ನು ಚೆನ್ನಾಗಿ ಬರೆದಿಟ್ಟರೆ ಮುಕ್ಕಾಲು ಕೆಲಸ ಮುಗಿದ ಹಾಗೆ ಅಂದುಕೊಂಡಿದ್ದೆ. ಮೂರು ತಿಂಗಳು ಅದನ್ನೇ ಮಾಡಿದೆ. ಬಲಪ್ರಯೋಗ, ವಾಹನ ಬೆನ್ನಟ್ಟುವುದು, ಬಂಧಿತರ ಸಾಗಣೆ, ಎಲ್ಲದಕ್ಕೂ ಒಂದೊಂದು ಅಧ್ಯಾಯ.

ನಾವು ಅರ್ಜಿ ಹಾಕಿದ್ದು ಕಲೀಯಾ (CALEA) ಆಯೋಗಕ್ಕೆ, ಪೊಲೀಸ್ ಇಲಾಖೆಗಳ ಕೆಲಸ ಮಾನದಂಡಕ್ಕೆ ತಕ್ಕಂತಿದೆಯೇ ಎಂದು ನೋಡಿ ಮಾನ್ಯತೆ ಕೊಡುವುದು ಅದೇ. 1979ರಲ್ಲಿ ಅಮೆರಿಕದ ನಾಲ್ಕು ಪೊಲೀಸ್ ಸಂಘಟನೆಗಳು ಸೇರಿ ಕಟ್ಟಿದ ಸಂಸ್ಥೆ ಅದು. ಸೇರಲೇಬೇಕೆಂಬ ಬಲವಂತವಿಲ್ಲ. ಮೊದಲು ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳಬೇಕು, ಆಮೇಲೆ ಹೊರಗಿನ ಪರಿಶೀಲಕರು ಬರುತ್ತಾರೆ. ಮಾನ್ಯತೆ ನಾಲ್ಕು ವರ್ಷಕ್ಕೆ, ನಡುವೆ ಪ್ರತಿ ವರ್ಷವೂ ಕಡತ ನೋಡುತ್ತಾರೆ. ಪ್ರತಿ ಮಾನದಂಡಕ್ಕೂ ಎರಡು ಬೇಕು: ಲಿಖಿತ ಆದೇಶ, ಅದರಂತೆ ನಡೆದುಕೊಂಡಿದ್ದಕ್ಕೆ ಪುರಾವೆ. ಈ ಎರಡನೆಯದರ ಭಾರ ನನಗೆ ಗೊತ್ತಾಗಿದ್ದು ಮುದ್ದೆಮಾಲು ಕೊಠಡಿಯಲ್ಲಿ, ಅಂದರೆ ಪ್ರಕರಣಗಳಲ್ಲಿ ವಶಪಡಿಸಿಕೊಂಡ ವಸ್ತುಗಳನ್ನು ಇಡುವ ಕೊಠಡಿಯಲ್ಲಿ.

ಆ ಕೊಠಡಿಗೆ ನಿಯಮ ಬಿಗಿ. ಆರು ತಿಂಗಳಿಗೊಮ್ಮೆ ತಪಾಸಣೆ. ವರ್ಷಕ್ಕೊಮ್ಮೆ, ಕೊಠಡಿಗೆ ಸಂಬಂಧವೇ ಇಲ್ಲದ ಮೇಲಧಿಕಾರಿಯಿಂದ ಆಡಿಟ್. ವರ್ಷಕ್ಕೊಮ್ಮೆಯಾದರೂ ಹೇಳದೆ ಕೇಳದೆ ಭೇಟಿ. ಉಸ್ತುವಾರಿ ಬದಲಾದರೆ ಮತ್ತೆ ಆಡಿಟ್. ನಮ್ಮಲ್ಲಿ ಉಸ್ತುವಾರಿ ಬದಲಾಗಿ ಒಂದೂವರೆ ವರ್ಷ ಆಗಿತ್ತು. ರಿಜಿಸ್ಟರ್‌ನಲ್ಲಿ ಆ ಪುಟ ಖಾಲಿ.

‘ಎಣಿಸಿದ್ವಿ ಮೇಡಂ, ಬರೆಯೋದು ಬಿಟ್ಟುಹೋಯ್ತು. ಹಳೇ ತಾರೀಖು ಹಾಕಿ ಇಬ್ಬರೂ ಸಹಿ ಮಾಡಿಬಿಡ್ತೀವಿ’ ಅಂದರು ಉಸ್ತುವಾರಿ. ಕೆಟ್ಟವರಲ್ಲ, ನನಗೆ ಸಹಾಯ ಆಗಲಿ ಅಂತಲೇ ಹೇಳಿದ್ದು. ಆದರೆ ಈ ರಿಜಿಸ್ಟರ್ ನಂಬಿ ಕೋರ್ಟು ಒಬ್ಬರನ್ನು ಜೈಲಿಗೆ ಕಳಿಸಬಹುದು, ಅಲ್ವಾ? ಬೇಡ ಅಂದೆ.

ಎರಡು ದಿನ ಕೂತು ಎಣಿಸಿದೆವು. ಒಂದು ನಗದು ಲಕೋಟೆಯ ಮೂಲೆಯಲ್ಲಿ ಟೇಪಿನ ಮೇಲೆ ಇನ್ನೊಂದು ಟೇಪು. ಮೇಲೆ ಬರೆದಿದ್ದು 43 ನೋಟು, ಒಳಗಿದ್ದದ್ದೂ 43. ಆದರೆ ಯಾರು ತೆಗೆದರು, ಯಾವಾಗ ತೆಗೆದರು ಅನ್ನುವ ಗುರುತೇ ಇಲ್ಲ. ಹಳೆಯ ಕಾಗದ ಹುಡುಕಿದಾಗ ಕೋರ್ಟಿಗೆ ಹಾಜರುಪಡಿಸಲು ತೆಗೆದದ್ದು ಅಂತ ತಿಳಿಯಿತು. ದುಡ್ಡು ಸರಿಯಾಗಿದ್ದರೂ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ನೋಟು ಕಡಿಮೆ ಇದ್ದಿದ್ದರೆ ಯಾರನ್ನು ಕೇಳುವುದು?

ಅವತ್ತಿನಿಂದ ಲಕೋಟೆ ತೆಗೆದವರು ಟೇಪಿಗೂ ಕಾಗದಕ್ಕೂ ತಾಗುವಂತೆ ಅಡ್ಡ ಸಹಿ ಹಾಕಿ ತಾರೀಖು ಬರೆಯಬೇಕು ಅಂತ ಮಾಡಿದೆವು. ಖಾಲಿ ಪುಟದ ಬಗ್ಗೆ ಅಂದಿನದೇ ತಾರೀಖು ಹಾಕಿ ಒಂದು ಟಿಪ್ಪಣಿ ಬರೆದೆ: ಹಸ್ತಾಂತರದ ಆಡಿಟ್ ದಾಖಲಾಗಿಲ್ಲ, ಈಗ ಪೂರ್ತಿ ಎಣಿಕೆ ಮಾಡಿದ್ದೇವೆ, ಫಲಿತಾಂಶ ಇದು. ಮಾನ್ಯತೆ ಕೈತಪ್ಪುತ್ತದೆ ಅಂತ ಕೆಲವರು ಬೇಜಾರು ಮಾಡಿಕೊಂಡರು.

ಪರಿಶೀಲಕರು ಬಂದವರು ನನ್ನ ನಿಯಮಪುಸ್ತಕ ಮುಟ್ಟುವ ಮೊದಲು ರಾತ್ರಿ ಪಾಳಿಯ ಹುಡುಗನನ್ನು ಮಾತಾಡಿಸಿದರು. ‘ದುಡ್ಡು ಸಿಕ್ಕರೆ ಏನು ಮಾಡ್ತೀರಿ?’ ಅವನು ತಡವರಿಸಲಿಲ್ಲ. ‘ಇಬ್ಬರು ಎಣಿಸ್ತೀವಿ, ಅಡ್ಡ ಸಹಿ ಹಾಕ್ತೀವಿ, ಪಾಳಿ ಮುಗಿಯೋ ಮೊದಲು ಕೊಠಡಿಗೆ ಒಪ್ಪಿಸ್ತೀವಿ.’ ಆಮೇಲೆ ನನ್ನ ಟಿಪ್ಪಣಿ ಓದಿದರು. ಅವರು ಕೇಳಿದ್ದು ಒಂದೇ: ‘ಇದಾದ ಮೇಲೆ ಉಸ್ತುವಾರಿ ಮತ್ತೆ ಬದಲಾಯಿತೇ?’

ಬದಲಾಗಿತ್ತು. ರಿಜಿಸ್ಟರ್ ತೆರೆದು ಕೊಟ್ಟೆ. ಆ ಪುಟದಲ್ಲಿ ಮೂರು ಸಹಿ ಇದ್ದವು.