ಬಲ್ಲಾಳರಾಯನ ದುರ್ಗ: ಕೋಟೆಗೂ ಹುಲ್ಲುಗುಡ್ಡಕ್ಕೂ ಒಂದು ದಿನದ ದಾರಿ

ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗವನ್ನು ಹತ್ತುವುದು ಅಂಥ ಕಷ್ಟವೇನಲ್ಲ. ದುರ್ಗ ಸುಮಾರು 1500 ಮೀಟರ್ ಎತ್ತರದಲ್ಲಿದೆ ನಿಜ, ಆದರೆ ಅದರಲ್ಲಿ ದೊಡ್ಡ ಪಾಲನ್ನು ಗಾಡಿಯೇ ಹತ್ತಿಬಿಡುತ್ತದೆ. ಜನ ಎಡವುವುದು ಕೋಟೆ ದಾಟಿದ ಮೇಲೆ, ಬಂಡಾಜೆ ಅರ್ಬಿ ಜಲಪಾತದ ಕಡೆಗೆ ಹಬ್ಬಿರುವ ಬೋಳುಗುಡ್ಡಗಳಲ್ಲಿ. ಅಲ್ಲಿ ಮನೆಯಿಲ್ಲ, ಗುರುತಿಗೊಂದು ಮರವಿಲ್ಲ, ಒಂದು ಗುಡ್ಡ ಇನ್ನೊಂದರಂತೆಯೇ ಇರುತ್ತದೆ. ದನ ತುಳಿದದ್ದು, ಕಾಟಿ (ಕಾಡುಕೋಣ) ನಡೆದದ್ದು, ಮಳೆನೀರು ಕೊರೆದದ್ದು ಎಲ್ಲವೂ ದಾರಿಯಂತೆ ಕಾಣುತ್ತದೆ. ಆದ್ದರಿಂದ ಮೊದಲೇ ತಲೆಯಲ್ಲಿಟ್ಟುಕೊಳ್ಳಬೇಕಾದ ಮಾತು: ಗುಡ್ಡದ ಬೆನ್ನು ಬಿಟ್ಟು ಇಳಿಯಬೇಡಿ. ಸರಿಯಾದ ದಾರಿ ಬಹುಪಾಲು ಬೆನ್ನಿನ ಮೇಲೆಯೇ ಸಾಗುತ್ತದೆ. ಅಡ್ಡಕ್ಕೆ ಇಳಿದು ಹೋಗುವ ಜಾಡು ನೀರಿಗೋ ಮೇವಿಗೋ ಹೋದ ಪ್ರಾಣಿಗಳದ್ದು. ಹಿಂಬಾಲಿಸಿದರೆ ಕಣಿವೆಯ ಕಾಡಿನೊಳಗೆ ನಿಲ್ಲಿಸುತ್ತದೆ.

ಹೊರಡಲು ಒಳ್ಳೆಯ ಕಾಲ ಅಕ್ಟೋಬರ್ ಕೊನೆಯಿಂದ ಜನವರಿವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಗಾಳಿ, ಇಂಬಳ (ಜಿಗಣೆ). ಮಂಜಿನಲ್ಲಿ ಹತ್ತು ಹೆಜ್ಜೆ ಮುಂದಿನದೂ ಕಾಣದ ದಿನಗಳೇ ಹೆಚ್ಚು. ಫೆಬ್ರವರಿಯಿಂದ ಹುಲ್ಲು ಒಣಗಿ ಕರಡವಾಗುತ್ತದೆ. ಆಗ ಒಂದು ಬೀಡಿಯ ತುಂಡು ಸಾಕು, ಗಾಳಿಯ ಜೊತೆ ಬೆಂಕಿ ಗುಡ್ಡದಿಂದ ಗುಡ್ಡಕ್ಕೆ ಓಡುತ್ತದೆ. ಕಾಡ್ಗಿಚ್ಚಿನ ಕಾಲದಲ್ಲಿ ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸುವುದುಂಟು. ಅನುಮತಿಯನ್ನು ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಚೆಯೇ ಪಡೆಯಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಶನಿವಾರ, ಭಾನುವಾರದ ಜಾಗ ಬೇಗ ತುಂಬುತ್ತದೆ. ಸಾಧ್ಯವಾದರೆ ವಾರದ ನಡುವೆ ಬನ್ನಿ. ಗುರುತಿನ ಚೀಟಿಯ ಮೂಲಪ್ರತಿ ಜೊತೆಗಿರಲಿ. ಟಿಕೆಟ್ಟನ್ನು ಫೋನಿನಲ್ಲಿ ಇಳಿಸಿಟ್ಟುಕೊಳ್ಳಿ, ಅಲ್ಲಿ ಸಿಗ್ನಲ್ ನಂಬುವಂತಿಲ್ಲ.

ಮೂಡಿಗೆರೆಯಲ್ಲೇ ಪೆಟ್ರೋಲು, ಔಷಧಿ, ನಗದು ಎಲ್ಲ ಮುಗಿಸಿಕೊಂಡು ಕೊಟ್ಟಿಗೆಹಾರಕ್ಕೆ ಬಂದು, ಅಲ್ಲಿಂದ ಕಳಸ–ಹೊರನಾಡು ಕಡೆಯ ರಸ್ತೆ ಹಿಡಿದು ಸುಂಕಸಾಲೆ ತಲುಪಬೇಕು. ಕೊಟ್ಟಿಗೆಹಾರದ ನೀರುದೋಸೆ ಹೆಸರುವಾಸಿ. ತಿಂಡಿಯನ್ನು ಅಲ್ಲೇ ಮುಗಿಸುವುದು ಒಳ್ಳೆಯದು, ಮುಂದೆ ಹೋಟೆಲಿನ ಭರವಸೆ ಇಲ್ಲ. ನಡಿಗೆ ಶುರುವಾಗುವುದು ಕಾಲಭೈರವೇಶ್ವರ ದೇವಸ್ಥಾನ, ರಾಣಿಝರಿ ಎಂಬ ಪ್ರಪಾತದಂಚಿನ ಕಡೆಯಿಂದ. ಕೋಟೆ ನೋಡಿಕೊಂಡು ಬಂಡಾಜೆಯ ತಲೆಯವರೆಗೆ ಹೋಗಿ ಮರಳಲು ಹೆಚ್ಚುಕಡಿಮೆ 15 ಕಿ.ಮೀ., ಸಾಮಾನ್ಯ ನಡಿಗೆಗೆ 7ರಿಂದ 8 ಗಂಟೆ. ಬೆಳಗ್ಗೆ 7ಕ್ಕೆ ಹೆಜ್ಜೆ ಹಾಕಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಎಲ್ಲೇ ಇರಿ, ಮಧ್ಯಾಹ್ನ 1 ಗಂಟೆಗೆ ತಿರುಗಿಬಿಡಿ. ಜಲಪಾತ ಇನ್ನರ್ಧ ಗಂಟೆ ದೂರವಿದ್ದರೂ ತಿರುಗಿ. ಡಿಸೆಂಬರ್‌ನಲ್ಲಿ ಸಂಜೆ ಆರು ದಾಟಿತೆಂದರೆ ಕಣಿವೆಯ ಶೋಲಾ ಕಾಡಿನೊಳಗೆ ಕತ್ತಲೆ, ಕಾಟಿಗಳು ಮೇವಿಗೆ ಹೊರಬರುವ ಹೊತ್ತೂ ಅದೇ.

ಚೀಲದಲ್ಲಿ ತಲಾ 3 ಲೀಟರ್ ನೀರು ಇರಲೇಬೇಕು. ಕೋಟೆಯ ಮೇಲೆ ಕುಡಿಯುವ ನೀರನ್ನು ನಂಬಿ ಹೋಗಬೇಡಿ. ಬೋಳುಗುಡ್ಡದಲ್ಲಿ ನೆರಳಿಲ್ಲ, ತಣ್ಣನೆಯ ಗಾಳಿ ಬೀಸುವುದರಿಂದ ಬೆವರು ಹೋದದ್ದೇ ತಿಳಿಯದೆ ಮಧ್ಯಾಹ್ನದ ಹೊತ್ತಿಗೆ ಕಾಲು ಸೆಡೆತುಕೊಳ್ಳುತ್ತದೆ. ಒಂದೆರಡು ಓಆರ್‌ಎಸ್ ಪೊಟ್ಟಣ, ಚಪಾತಿ ಅಥವಾ ಪುಳಿಯೋಗರೆ, ಬೆಲ್ಲ–ಶೇಂಗಾ, ಟೋಪಿ, ರೇನ್‌ಕೋಟು, ಟಾರ್ಚು, ಸೀಟಿ, ಬ್ಯಾಂಡೇಜು. ಹಿಡಿತ ಸವೆದ ಶೂ ಬೇಡ. ಒಣಹುಲ್ಲು ಇಳಿಜಾರಿನಲ್ಲಿ ಒದ್ದೆ ಬಂಡೆಯಷ್ಟೇ ಜಾರುತ್ತದೆ. ನಕ್ಷೆಯನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಮನೆಯಲ್ಲೇ ಇಳಿಸಿಕೊಳ್ಳಿ.

ರಾಣಿಝರಿಯ ಅಂಚು ಪಶ್ಚಿಮಕ್ಕೆ ನೇರವಾಗಿ ಕಡಿದು ಬಿದ್ದಿದೆ. ಕೆಳಗೆ ಬೆಳ್ತಂಗಡಿ ಕಡೆಯ ಕಾಡು. ಮಂಜು ಕೆಳಗಿನಿಂದಲೇ ಏರಿ ಬರುವುದರಿಂದ ಅಂಚು ಇದ್ದಕ್ಕಿದ್ದಂತೆ ಕಾಣೆಯಾಗುತ್ತದೆ. ತುದಿಯ ಹುಲ್ಲಿನ ಕೆಳಗೆ ಮಣ್ಣು ಇದೆಯೋ ಬರೀ ಗಾಳಿ ಇದೆಯೋ ಮೇಲಿನಿಂದ ಗೊತ್ತಾಗದು. ಐದಾರು ಮೀಟರ್ ಹಿಂದೆಯೇ ನಿಲ್ಲಿ. ಫೋಟೋಗೆಂದು ಹಿಮ್ಮುಖವಾಗಿ ಹೆಜ್ಜೆ ಇಡುವುದಂತೂ ಬೇಡವೇ ಬೇಡ.

ಕೋಟೆಗೆ ಒಂದು ಗಂಟೆಯಾದರೂ ಕೊಡಿ. ಹೆಸರಿನಲ್ಲೇ ಹೊಯ್ಸಳ ಬಲ್ಲಾಳರಿದ್ದಾರೆ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು, ಅಂದರೆ ಇಂದಿನ ಅಂಗಡಿ, ಇದೇ ತಾಲ್ಲೂಕಿನಲ್ಲಿದೆ. ಮುಂದೆ ಕೆಳದಿಯ ನಾಯಕರ ಕೈಯಲ್ಲಿ ದುರ್ಗ ಮತ್ತೆ ಕಟ್ಟಿಸಿಕೊಂಡಿತೆಂದು ಹೇಳುತ್ತಾರೆ. ಈಗ ಉಳಿದಿರುವುದು ಪಾಳುಗೋಡೆಗಳು. ಆದರೂ ಜಾಗ ಓದಲು ಬರುತ್ತದೆ. ಗೋಡೆಯ ಸಾಲನ್ನು ಕಣ್ಣಿನಲ್ಲೇ ಹಿಂಬಾಲಿಸಿ: ಗುಡ್ಡದ ಬೆನ್ನು ಎಲ್ಲಿ ತಿರುಗುತ್ತದೋ ಗೋಡೆಯೂ ಅಲ್ಲೇ ತಿರುಗುತ್ತದೆ. ಕಡಿದಾದ ಕಡೆ ನೆಲವೇ ಕಾವಲು, ಹತ್ತಲು ಸುಲಭವಿರುವ ಕಡೆಗೇ ಕಲ್ಲಿನ ಕೆಲಸ ಬೇಕು. ಗೋಡೆಯ ಬಳಿ ನಿಂತು ಪಶ್ಚಿಮಕ್ಕೆ ನೋಡಿದರೆ ಕರಾವಳಿಯಿಂದ ಘಟ್ಟ ಹತ್ತಿ ಬರುವ ಕಣಿವೆಗಳು, ಪೂರ್ವಕ್ಕೆ ಮಲೆನಾಡಿನ ಊರುಗಳು. ಮರಗಳಿಲ್ಲದ ಹುಲ್ಲುಗುಡ್ಡ ಕೋಟೆಗೆ ಎಷ್ಟು ಬೇಕಿತ್ತೆಂಬುದು ಅಲ್ಲಿ ನಿಂತಾಗ ಅರ್ಥವಾಗುತ್ತದೆ. ಮರೆಯಲ್ಲಿ ಯಾರೂ ಹತ್ತಿರ ಬರುವಂತಿಲ್ಲ.

ಗೋಡೆಯ ಮೇಲೆ ಹತ್ತಬೇಡಿ. ಇಂಥ ಗೋಡೆಗಳಲ್ಲಿ ಎರಡು ಮುಖಕ್ಕೆ ದೊಡ್ಡ ಕಲ್ಲು, ನಡುವೆ ಚೂರುಕಲ್ಲು, ಮಣ್ಣು. ನೆತ್ತಿಯ ಒಂದು ಕಲ್ಲು ಕದಲಿದರೂ ಸಾಕು, ಮಳೆನೀರು ನಡುವಿನ ಮಣ್ಣಿಗೆ ಇಳಿದು ಮುಖವನ್ನು ಹೊರಕ್ಕೆ ತಳ್ಳುತ್ತದೆ. ಹೊಟ್ಟೆ ಉಬ್ಬಿದ ಗೋಡೆ ಮುಂದಿನ ಒಂದೆರಡು ಮಳೆಗಾಲದಲ್ಲಿ ಕುಸಿಯುತ್ತದೆ. ಬಿದ್ದ ಕಲ್ಲುಗಳನ್ನು ಒಟ್ಟಿ ಗೋಪುರ ಮಾಡುವ ಆಟವೂ ಬೇಡ. ಕಲ್ಲು ಬಿದ್ದ ಜಾಗವೇ ಗೋಡೆ ಎಲ್ಲಿತ್ತೆಂಬುದಕ್ಕೆ ಉಳಿದ ಸಾಕ್ಷಿ. ಸಂದುಗಳಲ್ಲಿ ಹಾವು ಇರುವುದರಿಂದ ಕಾಣದ ಕಡೆ ಕೈ ಇಡಬಾರದು.

ಕೋಟೆಯಿಂದ ಮುಂದೆ ಹುಲ್ಲುಗಾವಲು. ಗುಡ್ಡಗಳ ನಡುವಿನ ಮಡಿಕೆಗಳಲ್ಲಿ ಕುಳ್ಳಮರಗಳ ದಟ್ಟ ಶೋಲಾ, ಬೆನ್ನಿನ ಮೇಲೆ ಬರೀ ಹುಲ್ಲು. ಯಾರೋ ಮರ ಕಡಿದು ಬೋಳಾದದ್ದಲ್ಲ ಇದು. ಎತ್ತರದಲ್ಲಿ ಮಣ್ಣು ತೆಳ್ಳಗೆ, ಗಾಳಿ ಜೋರು. ಮಡಿಕೆಯಲ್ಲಿ ಮಣ್ಣೂ ತೇವವೂ ನಿಲ್ಲುತ್ತವೆ, ಅಲ್ಲಿ ಮರ ಏಳುತ್ತದೆ. ಮಳೆಗಾಲದ ನೀರನ್ನು ಈ ಹುಲ್ಲು, ಶೋಲಾ ಎರಡೂ ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಹೇಮಾವತಿ ಹುಟ್ಟುವುದು ಇದೇ ಸೀಮೆಯಲ್ಲಿ. ಅದು ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋದರೆ, ಬಂಡಾಜೆಯ ಹಳ್ಳ ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ. ಹೀಗಾಗಿ ಇಲ್ಲಿ ಕಾಲಿಡುವ ರೀತಿಯೂ ಮುಖ್ಯ. ಕೆಸರು ಕಂಡಾಗ ಪಕ್ಕದ ಹುಲ್ಲಿನ ಮೇಲೆ ಹೋಗುವುದು ಎಲ್ಲರ ಅಭ್ಯಾಸ. ಪಕ್ಕಕ್ಕೆ ಹೋದಷ್ಟೂ ದಾರಿ ಅಗಲವಾಗಿ, ಬೇರು ಸತ್ತು, ಮುಂದಿನ ಮಳೆಗೆ ಅದೇ ಕೊರಕಲಾಗುತ್ತದೆ. ಒಬ್ಬರ ಹಿಂದೆ ಒಬ್ಬರು, ಕೆಸರಿನಲ್ಲೇ ನಡೆಯಿರಿ. ಶೂ ತೊಳೆದರೆ ಹೋಗುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ಈ ತಾಲ್ಲೂಕಿನ ಗುಡ್ಡಗಳು ಜರಿದು ಮನೆ, ತೋಟ ಹೋದದ್ದನ್ನು ಇಲ್ಲಿಯವರು ಮರೆತಿಲ್ಲ.

ಮಂಜು ಕವಿದರೆ ಏನು ಮಾಡಬೇಕು? ನಿಲ್ಲಿ, ಜೊತೆಯವರನ್ನು ಎಣಿಸಿ, ಮುಂದಿನವರು ಹಿಂದಿನವರಿಗೆ ಕಾಣುವಷ್ಟು ಹತ್ತಿರವಾಗಿ. ಕೊನೆಯ ಬಾರಿ ಖಚಿತವಾಗಿದ್ದ ಗುರುತು ಯಾವುದು ಎಂದು ಕೇಳಿಕೊಂಡು, ಬಂದ ದಾರಿಯಲ್ಲೇ ಅಲ್ಲಿಗೆ ಮರಳಿ. ಹದಿನೈದಿಪ್ಪತ್ತು ನಿಮಿಷ ಕುಳಿತರೆ ಗಾಳಿಗೆ ಮಂಜು ಸೀಳಿ ಮುಂದಿನ ಗುಡ್ಡ ಕಾಣುವುದೂ ಉಂಟು. ನೀರಿನ ಸದ್ದು ಹಿಡಿದು ಇಳಿಯುವುದು ದೊಡ್ಡ ತಪ್ಪು, ಘಟ್ಟದ ಅಂಚಿನ ಹಳ್ಳಗಳೆಲ್ಲ ಕೊನೆಗೆ ಪ್ರಪಾತಕ್ಕೇ ಹೋಗಿ ಬೀಳುತ್ತವೆ. ಗುಡುಗು ಕೇಳಿಸಿದಾಗ ಮಾತ್ರ ಬೆನ್ನು ಬಿಡಬೇಕು: ಕೋಟೆಗೋಡೆ, ಒಂಟಿ ಮರ ಬಿಟ್ಟು, ದಾರಿಗೆ ಸಮೀಪದ ತಗ್ಗಿನಲ್ಲಿ ಬಿಡಿಬಿಡಿಯಾಗಿ ಕುಕ್ಕರಗಾಲಿನಲ್ಲಿ ಕೂರಿ. ಅಕ್ಟೋಬರ್ ಮಧ್ಯಾಹ್ನಗಳಲ್ಲಿ ಇದು ಬರಬಹುದು.

ಕಾಟಿ ಎದುರಾದರೆ ಕೂಗಾಟ ಬೇಡ. ನೂರು ಮೀಟರ್ ದೂರ ಬಿಟ್ಟು, ಅದು ಹೋಗುವವರೆಗೆ ಕಾಯಿರಿ. ಒಂಟಿ ಗೂಳಿಗೂ, ಕರುವಿರುವ ಹಿಂಡಿಗೂ ಇನ್ನಷ್ಟು ದೂರ.

ಇಂಬಳಕ್ಕೆ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಚೀಲದ ಮೇಲೆ ಬೇವಿನೆಣ್ಣೆ ಅಥವಾ ನಶ್ಯ ಸವರಿ. ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲದು, ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ. ತೊಳೆದು, ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ.

ಬಂಡಾಜೆಯಲ್ಲಿ ಹಳ್ಳ ಬಂಡೆಯ ಮೇಲೆ ಸಾಧುವಾಗಿ ಹರಿದು ಒಮ್ಮೆಗೇ ಸುಮಾರು 200 ಅಡಿ ಧುಮುಕುತ್ತದೆ. ಪಾಚಿ ಕಪ್ಪಗಿರುವುದರಿಂದ ಒಣ ಬಂಡೆಯಂತೆಯೇ ಕಂಡು ಮೋಸ ಮಾಡುತ್ತದೆ. ಬುತ್ತಿ ಬಿಚ್ಚುವುದು, ನೀರು ತುಂಬುವುದು ಎಲ್ಲ ತುದಿಯಿಂದ ದೂರ, ಮೇಲ್ಗಡೆಯೇ ಆಗಲಿ. ನೀರನ್ನು ಶೋಧಿಸಿ ಅಥವಾ ಮಾತ್ರೆ ಹಾಕಿ ಕುಡಿಯಿರಿ. ಇಲ್ಲಿಂದ ಬೆಳ್ತಂಗಡಿ ಕಡೆಯ ವಳಂಬ್ರಕ್ಕೂ ಇಳಿಯಬಹುದು. ಆದರೆ ಅದು ದಟ್ಟ ಕಾಡಿನ ಕಡಿದಾದ ಇಳಿಜಾರು, ಮಂಡಿಗೆ ಬಲು ಭಾರ. ಆ ದಾರಿಗೂ ಅನುಮತಿ, ಸ್ಥಳೀಯ ಮಾರ್ಗದರ್ಶಿ, ಚಾರ್ಮಾಡಿ ಘಾಟಿ ಸುತ್ತಿ ಕೆಳಗೆ ಬಂದು ಕಾಯುವ ಗಾಡಿ ಮೂರೂ ಇದ್ದರೆ ಮಾತ್ರ ಇಳಿಯಿರಿ.

ಮರಳಿ ಬಂದ ಮೇಲೆ ಹೋದವರೆಲ್ಲ ಬಂದೆವೆಂದು ಅರಣ್ಯ ಸಿಬ್ಬಂದಿಗೆ ತಿಳಿಸಿ. ತಿಳಿಸದೆ ಹೋದರೆ ರಾತ್ರಿ ಟಾರ್ಚು ಹಿಡಿದು ಗುಡ್ಡ ಹತ್ತಬೇಕಾಗುವುದು ಅವರೇ. ಕಸ, ಬಾಟಲಿ ಎಲ್ಲ ಮೂಡಿಗೆರೆಯವರೆಗೆ ನಿಮ್ಮ ಗಾಡಿಯಲ್ಲೇ ಬರಲಿ.