ಸುಣ್ಣದ ಗುಡ್ಡಗಳ ನಡುವೆ ಸೈಕಲ್ ಪ್ರವಾಸ: ವಾಹನಗಳ ಗದ್ದಲ ತಪ್ಪಿಸಿ ದಾರಿ ಹಿಡಿಯುವುದು ಹೇಗೆ?

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ರೈಲಿನಲ್ಲಿ ಪಶ್ಚಿಮಕ್ಕೆ ಸುಮಾರು ಒಂದೂಕಾಲು ಗಂಟೆ ಪ್ರಯಾಣ ಮಾಡಿದರೆ ವಿಲ್ಟ್‌ಶೈರ್ ಕೌಂಟಿಯ ಪ್ಯೂಸಿ ಎಂಬ ಸಣ್ಣ ಊರು ಸಿಗುತ್ತದೆ. ಅಲ್ಲಿಂದ ಏವ್‌ಬರಿ ಮತ್ತು ಮಾರ್ಲ್‌ಬರೋ ಮಾರ್ಗವಾಗಿ ಸ್ವಿಂಡನ್ ಪಟ್ಟಣದವರೆಗೆ ಸೈಕಲ್ಲಿನಲ್ಲಿ ಹೋಗುವುದಾದರೆ ದೂರ ಸುಮಾರು 50 ಕಿಲೋಮೀಟರ್. ಪಳಗಿದವರು ಇದನ್ನು ಅರ್ಧ ದಿನದಲ್ಲಿ ಮುಗಿಸಬಹುದು, ಆದರೆ ಈ ನಾಡಿನ ರುಚಿ ಸಿಗಬೇಕಾದರೆ ಎರಡು ದಿನಗಳನ್ನು ಮೀಸಲಿಡುವುದೇ ಸರಿ. ಲಂಡನ್, ರೀಡಿಂಗ್ ಕಡೆ ನೆಲೆಸಿರುವ ಕನ್ನಡಿಗರಿಗೆ ಇದು ಕೈಗೆಟುಕುವ ಪ್ರವಾಸ. ವಾಹನಗಳು ನಮ್ಮಲ್ಲಿಯಂತೆಯೇ ಎಡಬದಿಯಲ್ಲಿ ಚಲಿಸುವುದರಿಂದ, ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಹೋದವರಿಗೂ ಅಲ್ಲಿನ ರಸ್ತೆಯ ರೂಢಿ ತೊಡಕಾಗದು.

ಇಂಥ ಪ್ರವಾಸಕ್ಕೆ ಹೊರಡುವವರು ಸಾಮಾನ್ಯವಾಗಿ ಮೊಬೈಲಿನಲ್ಲಿ ಒಂದು ಸೈಕಲ್ ಮಾರ್ಗವನ್ನು ಹುಡುಕಿ, ಅದು ತೋರಿಸಿದ ಕಡೆ ಪೆಡಲ್ ತುಳಿಯುತ್ತಾರೆ. ಸುಣ್ಣದ ಗುಡ್ಡಗಳ ನಾಡಿನಲ್ಲಿ ಇದು ಒಳ್ಳೆಯ ಪದ್ಧತಿಯಲ್ಲ. ಇಲ್ಲಿ ಹಳ್ಳಿ ಎಲ್ಲಿದೆ, ನೀರು ಎಲ್ಲಿ ಸಿಗುತ್ತದೆ, ಏರು ಎಲ್ಲಿ ಕಡಿದಾಗಿದೆ, ಕಾರುಗಳು ಎಲ್ಲಿ ಹರಿಯುತ್ತವೆ ಎಂಬುದನ್ನೆಲ್ಲ ನಿರ್ಧರಿಸುವುದು ನೆಲವೇ ಆದ್ದರಿಂದ, ಯೋಜನೆಯನ್ನು ಅಲ್ಲಿಂದಲೇ ಆರಂಭಿಸಬೇಕು.

ಮೊದಲು ನೆಲದ ಸ್ವಭಾವ ತಿಳಿಯಿರಿ

ಈ ಗುಡ್ಡಗಳು ಚಾಕ್ ಎಂಬ ಮೆತ್ತನೆಯ ಬಿಳಿ ಸುಣ್ಣದ ಕಲ್ಲಿನವು. ದಕ್ಷಿಣ ಇಂಗ್ಲೆಂಡಿನ ಈ ಕಲ್ಲು ಸುಮಾರು 10 ಕೋಟಿ ವರ್ಷಗಳಿಂದ 6.6 ಕೋಟಿ ವರ್ಷಗಳ ಹಿಂದಿನವರೆಗಿನ ಅವಧಿಯಲ್ಲಿ, ಬೆಚ್ಚಗಿನ ಸಮುದ್ರದ ತಳದಲ್ಲಿ ಸೂಕ್ಷ್ಮ ಪಾಚಿಗಳ ಸುಣ್ಣದ ಕವಚಗಳು ಪದರಪದರವಾಗಿ ಕೂತು ಆದದ್ದು. ಮುಂದೆ ಭೂಮಿಯ ಪದರಗಳು ಮಡಿಕೆಯಾಗಿ ಮೇಲೆದ್ದು ಸವೆದಾಗ, ಗುಡ್ಡಗಳ ಒಂದು ಮಗ್ಗುಲು ಕಡಿದಾಗಿಯೂ ಇನ್ನೊಂದು ಮಗ್ಗುಲು ಮೈಲುಗಟ್ಟಲೆ ಇಳಿಜಾರಾಗಿಯೂ ಉಳಿಯಿತು. ಸೈಕಲ್ ಸವಾರನಿಗೆ ಇದರಿಂದ ಸಿಗುವ ಸೂತ್ರ ಸರಳ: ಕಣಿವೆಯ ಗುಂಟ ಎಷ್ಟು ದೂರ ಸಾಧ್ಯವೋ ಅಷ್ಟು ಸಾಗಬೇಕು, ಕಡಿದಾದ ಮಗ್ಗುಲನ್ನು ಒಂದೇ ಒಂದು ಸಲ, ತಾನೇ ಆರಿಸಿಕೊಂಡ ಜಾಗದಲ್ಲಿ ಹತ್ತಬೇಕು, ಆಮೇಲೆ ಇಳಿಜಾರಿನ ಮಗ್ಗುಲನ್ನು ಸಾವಕಾಶವಾಗಿ ಅನುಭವಿಸಬೇಕು. ಇದನ್ನು ಗಮನಿಸದೆ ಗುಡ್ಡಸಾಲಿಗೆ ಅಡ್ಡಡ್ಡವಾಗಿ ಮಾರ್ಗ ಹಾಕಿಕೊಂಡವರು ದಿನವಿಡೀ ಏದುಸಿರು ಬಿಡುತ್ತ ಹತ್ತಿಳಿಯಬೇಕಾಗುತ್ತದೆ.

ಎರಡನೆಯ ಸಂಗತಿ ನೀರಿನದು. ಈ ಕಲ್ಲು ನೀರನ್ನು ಮೇಲೆ ನಿಲ್ಲಗೊಡದೆ ಒಳಕ್ಕೆ ಹೀರಿಕೊಳ್ಳುತ್ತದೆ, ಗುಡ್ಡದ ಬುಡದಲ್ಲಿ ಮಾತ್ರ ಬುಗ್ಗೆಗಳಾಗಿ ಹೊರಬಿಡುತ್ತದೆ. ಆದ್ದರಿಂದಲೇ ಹಳ್ಳಿಗಳು ಬುಡದಲ್ಲಿ ಸಾಲಾಗಿ ಕೂತಿವೆ, ನೆತ್ತಿಯ ಮೇಲೆ ಗೋಧಿ ಹೊಲ, ಕುರಿಗಳ ಹುಲ್ಲುಗಾವಲು ಮತ್ತು ಗಾಳಿಯ ಹೊರತು ಬೇರೇನೂ ಇಲ್ಲ. ನೆತ್ತಿಯ ನಿಶ್ಶಬ್ದಕ್ಕೂ ಅಲ್ಲಿ ಅಂಗಡಿ, ನಲ್ಲಿ ಯಾವುದೂ ಇಲ್ಲದಿರುವುದಕ್ಕೂ ಕಾರಣ ಒಂದೇ ಆದ್ದರಿಂದ, ಹತ್ತುವ ಮೊದಲು ಪ್ರತಿಯೊಬ್ಬರೂ ಎರಡು ಬಾಟಲಿ ನೀರು ತುಂಬಿಕೊಂಡಿರಬೇಕು.

ನಕ್ಷೆಯಲ್ಲಿ ನೋಡಬೇಕಾದ್ದು

ಬ್ರಿಟನ್ನಿನ ನಕ್ಷೆಗಳನ್ನು ತಯಾರಿಸುವ ಆರ್ಡ್‌ನೆನ್ಸ್ ಸರ್ವೆ ಸಂಸ್ಥೆಯ 1:50,000 ಪ್ರಮಾಣದ ಲ್ಯಾಂಡ್‌ರೇಂಜರ್ ಮಾಲೆಯ 173ನೆಯ ಹಾಳೆಯಲ್ಲಿ ಈ ಇಡೀ ಪ್ರವಾಸ ಅಡಕವಾಗಿದೆ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತ ರೇಖೆಗಳು ಇದರಲ್ಲಿ 10 ಮೀಟರಿಗೊಂದರಂತೆ ಇವೆ. ರಸ್ತೆಯ ಮೇಲೆ ಒಂದು ಬಾಣದ ಗುರುತಿದ್ದರೆ ಅಲ್ಲಿನ ಇಳಿಜಾರು ಶೇಕಡಾ 14ರಿಂದ 20, ಜೋಡಿ ಬಾಣವಿದ್ದರೆ 20ಕ್ಕೂ ಹೆಚ್ಚು. ಸಾಮಾನು ಹೇರಿದ ಸೈಕಲ್ಲಿನಲ್ಲಿ ಜೋಡಿ ಬಾಣದ ರಸ್ತೆಗೆ ಹೋಗದಿರುವುದು ಜಾಣತನ.

ಇದಕ್ಕಿಂತ ಮುಖ್ಯವಾದದ್ದು ಹಾದಿಗಳ ಕಾನೂನು. ಇಂಗ್ಲೆಂಡಿನ ಹೊಲಗಳ ನಡುವಿನ ಸಾರ್ವಜನಿಕ ಹಾದಿಗಳೆಲ್ಲ ಒಂದೇ ಬಗೆಯವಲ್ಲ. ನಕ್ಷೆಯಲ್ಲಿ ಚಿಕ್ಕ ಗೆರೆಗಳ ಸಾಲಾಗಿ ಕಾಣುವುದು ಕಾಲುದಾರಿ. ಅಲ್ಲಿ ಸೈಕಲ್ ಸವಾರಿಯ ಹಕ್ಕು ಇಲ್ಲ. ಉದ್ದ ಗೆರೆಗಳ ಸಾಲು ಕುದುರೆದಾರಿ. 1968ರ ಗ್ರಾಮಾಂತರ ಕಾಯ್ದೆಯು ಇಲ್ಲಿ ಸೈಕಲ್ ಸವಾರರಿಗೂ ಹಕ್ಕು ಕೊಟ್ಟಿತು, ಆದರೆ ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಟ್ಟುಕೊಡಬೇಕೆಂಬ ಷರತ್ತಿನೊಂದಿಗೆ. ಬೈವೇ ಎಂದು ಕರೆಯುವ ಅಗಲವಾದ ಹಳೆಯ ಬಂಡಿಜಾಡುಗಳಲ್ಲಿಯೂ ಸೈಕಲ್ ಹೋಗಬಹುದು. ಹಾದಿಯಲ್ಲಿ ನೆಟ್ಟ ಕಂಬಗಳ ಬಾಣದ ಬಣ್ಣವನ್ನು ನೆನಪಿಟ್ಟರೂ ಸಾಕು: ಹಳದಿ ಕಾಲುದಾರಿ, ನೀಲಿ ಕುದುರೆದಾರಿ, ನೇರಳೆ ಮತ್ತು ಕೆಂಪು ಬೈವೇಗಳು. ರಾಷ್ಟ್ರೀಯ ಸೈಕಲ್ ಜಾಲದ ಮಾರ್ಗಗಳಿಗೆ ಕೆಂಪು ಚೌಕದಲ್ಲಿ ಸಂಖ್ಯೆಯಿರುವ ನೀಲಿ ಫಲಕಗಳಿವೆ. ಆದರೆ ಆ ಜಾಲದಲ್ಲಿದೆ ಎಂದ ಮಾತ್ರಕ್ಕೆ ಮಾರ್ಗವೆಲ್ಲ ವಾಹನಮುಕ್ತ ಎಂದು ಭಾವಿಸಬಾರದು, ಅದರ ಬಹಳಷ್ಟು ಭಾಗ ಸಾಮಾನ್ಯ ರಸ್ತೆಗಳ ಮೇಲೆಯೇ ಹಾದುಹೋಗುತ್ತದೆ.

ಪ್ಯೂಸಿ ಕಣಿವೆಯ ದಕ್ಷಿಣಕ್ಕಿರುವ ಸಾಲ್ಸ್‌ಬರಿ ಬಯಲು ನಕ್ಷೆಯಲ್ಲಿ ಖಾಲಿಯಾಗಿ ಕಂಡು ಆಸೆ ಹುಟ್ಟಿಸುತ್ತದೆ. ಅದರ ದೊಡ್ಡ ಭಾಗ ಸೇನೆಯ ಅಭ್ಯಾಸಭೂಮಿ, ಕೆಂಪು ಬಾವುಟ ಹಾರುತ್ತಿರುವಾಗ ಒಳಗೆ ಕಾಲಿಡುವಂತಿಲ್ಲ.

ಸೈಕಲ್, ಟೈರು ಮತ್ತು ತಿಂಗಳು

ರೇಸಿಂಗ್ ಸೈಕಲ್ಲಿನ ತೆಳು ಟೈರು ಇಲ್ಲಿ ನಡೆಯದು. 38ರಿಂದ 45 ಮಿಲಿಮೀಟರ್ ಅಗಲದ, ಪಂಕ್ಚರ್ ತಡೆಯುವ ಪದರವಿರುವ ಟೈರುಗಳು ಬೇಕು. ಏಕೆಂದರೆ ಸುಣ್ಣದ ಕಲ್ಲಿನೊಳಗೆ ಚಕಮಕಿ ಕಲ್ಲಿನ ಗಂಟುಗಳು ಹುದುಗಿರುತ್ತವೆ, ಅವು ಒಡೆದಾಗ ಏಳುವ ಅಂಚು ಗಾಜಿನ ಚೂರಿಗೆ ಕಡಿಮೆಯಲ್ಲ. ಎರಡು ಟ್ಯೂಬು, ಪಂಪು, ಟೈರು ಬಿಚ್ಚುವ ಸನ್ನೆ ಇಷ್ಟನ್ನು ಮರೆಯದೆ ಒಯ್ಯಬೇಕು. ಟ್ಯೂಬು ಬದಲಿಸುವ ಮುನ್ನ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ನೋಡಿ. ಚಕಮಕಿಯ ಚೂರು ಅಲ್ಲೇ ಚುಚ್ಚಿಕೊಂಡಿದ್ದರೆ ಹೊಸ ಟ್ಯೂಬೂ ಕ್ಷಣದಲ್ಲಿ ತೂತಾಗುತ್ತದೆ. ಬರಿ ಬೆರಳಿನಿಂದ ಸವರಬೇಡಿ.

ಹೊರಡಲು ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಕಾಲ ಒಳ್ಳೆಯದು. ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತರ ನಂತರವೂ ಬೆಳಕಿರುತ್ತದೆ. ಮಳೆ ಬಿದ್ದ ಮರುದಿನ ಮಾತ್ರ ನೆತ್ತಿಯ ಹಾದಿಗಳಿಗೆ ಹೋಗದಿರುವುದು ಲೇಸು: ನೆನೆದ ಸುಣ್ಣದ ಜಾಡು ಸೋಪು ಸವರಿದ ಬಚ್ಚಲು ಕಲ್ಲಿನಂತೆ ಜಾರುತ್ತದೆ, ಮಡ್‌ಗಾರ್ಡಿನ ಒಳಗೆ ಬಿಳಿ ರಾಡಿ ಮೆತ್ತಿಕೊಂಡು ಚಕ್ರವೇ ನಿಂತುಬಿಡುತ್ತದೆ. ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ, ಪ್ಯೂಸಿಯಿಂದ ಸ್ವಿಂಡನ್ ಕಡೆಗೆ ಹೋಗುವುದೇ ಅನುಕೂಲ.

ಮೊದಲ ದಿನ: ಕಾಲುವೆಯಿಂದ ಕಲ್ಲಿನ ವೃತ್ತಕ್ಕೆ

ಪ್ಯೂಸಿ ನಿಲ್ದಾಣದ ಹತ್ತಿರದಲ್ಲೇ ಕೆನೆಟ್ ಮತ್ತು ಏವನ್ ಕಾಲುವೆ ಹರಿಯುತ್ತದೆ. ಜಾನ್ ರೆನ್ನಿ ಎಂಬ ಎಂಜಿನಿಯರ್ ರೂಪಿಸಿದ, 1810ರಲ್ಲಿ ಪೂರ್ಣಗೊಂಡ ಈ ಕಾಲುವೆ ಪಾಳುಬಿದ್ದು, ಮತ್ತೆ ದುರಸ್ತಿಗೊಂಡು 1990ರಲ್ಲಿ ಪುನಃ ತೆರೆಯಿತು. ವಿಶೇಷವೆಂದರೆ ವೂಟನ್ ರಿವರ್ಸ್ ಹಳ್ಳಿಯಿಂದ ಡಿವೈಜಸ್ ಪಟ್ಟಣದವರೆಗೆ 24 ಕಿಲೋಮೀಟರ್ ಉದ್ದಕ್ಕೆ ಒಂದೂ ಲಾಕ್, ಎಂದರೆ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಳಿಸುವ ಬಾಗಿಲುಗಳ ಕಟ್ಟೆ, ಇಲ್ಲ. ಎಂದರೆ ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಂಡೆಯ ದಾರಿ ಸಂಪೂರ್ಣ ಸಮತಟ್ಟು. ಹುಲ್ಲು ಬೆಳೆದ ಇಕ್ಕಟ್ಟಾದ ಜಾಡು ಇದು, ವೇಗಕ್ಕೆ ತಕ್ಕದ್ದಲ್ಲ. ನಡೆಯುವವರಿಗೆ ಇಲ್ಲಿ ಮೊದಲ ಆದ್ಯತೆ, ಇಟ್ಟಿಗೆ ಕಮಾನಿನ ಸೇತುವೆಗಳಡಿ ಎದುರಿನವರು ಕಾಣುವುದಿಲ್ಲವಾದ್ದರಿಂದ ಬೆಲ್ ಮಾಡಿ, ಬೇಕಾದರೆ ಇಳಿದು ಹೋಗಬೇಕು. ಕೆಸರಿದ್ದರೆ ವಿಲ್ಕಟ್ ಹಳ್ಳಿಯ ಮೂಲಕ ಸಾಗುವ ಕಿರಿದಾದ ಗ್ರಾಮರಸ್ತೆಯನ್ನು ಹಿಡಿಯಬಹುದು. ವಿಲ್ಕಟ್ಟಿನ ಬಳಿ 1808ರಲ್ಲಿ ಕಟ್ಟಿದ, ಕೆತ್ತನೆಗಳಿರುವ ಲೇಡೀಸ್ ಬ್ರಿಡ್ಜ್ ಒಂದು ನಿಮಿಷ ನಿಂತು ನೋಡುವಂತಿದೆ.

ಹನಿಸ್ಟ್ರೀಟ್ ಎಂಬಲ್ಲಿ ಕಾಲುವೆ ಬಿಟ್ಟು ಉತ್ತರಕ್ಕೆ ತಿರುಗಬೇಕು. ಊಟ ಇಲ್ಲಿಯೇ ಆಗಲಿ. ಹಳ್ಳಿಯ ಪಬ್ಬುಗಳಲ್ಲಿ ಹಲವು ಮಧ್ಯಾಹ್ನದ ಊಟ ಮುಗಿಸಿ ಅಡುಗೆಮನೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆಯೇ, ತಡವಾಗಿ ಹೋದವರಿಗೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಎದುರಿಗೆ 295 ಮೀಟರ್ ಎತ್ತರದ ಮಿಲ್ಕ್ ಹಿಲ್ ಗುಡ್ಡದ ಮೈಯಲ್ಲಿ, 1812ರಲ್ಲಿ ಹುಲ್ಲು ಕೆತ್ತಿ ಬಿಳಿ ಕಲ್ಲು ತೋರುವಂತೆ ಮಾಡಿದ ಆಲ್ಟನ್ ಬಾರ್ನ್ಸ್ ಕುದುರೆ ಕಾಣುತ್ತದೆ. ಪಕ್ಕದ ಆಲ್ಟನ್ ಪ್ರಯರ್ಸ್ ಹಳ್ಳಿಯ ಪುಟ್ಟ ಚರ್ಚಿನ ಅಂಗಳದಲ್ಲಿ ಬಹಳ ಹಳೆಯ ಯೂ ಮರವಿದೆ. ಒಳಗೆ ನೆಲದಲ್ಲಿರುವ ಮರದ ಮುಚ್ಚಳವನ್ನು ಎತ್ತಿದರೆ ಕೆಳಗೆ ಸಾರ್ಸೆನ್ ಎಂಬ ಗಟ್ಟಿ ಮರಳುಗಲ್ಲಿನ ಬಂಡೆ ಕಾಣಿಸುತ್ತದೆ. ಮುಂದೆ ಏವ್‌ಬರಿಯಲ್ಲಿ ನೋಡಲಿರುವುದೂ ಇದೇ ಕಲ್ಲು.

ಇಲ್ಲಿಂದ ಲಾಕರಿಜ್ ಕಡೆಗೆ ಹೋಗುವ ರಸ್ತೆಯೇ ಆ ಒಂದು ದೊಡ್ಡ ಏರು. ನ್ಯಾಪ್ ಹಿಲ್ ಮತ್ತು ವಾಕರ್ಸ್ ಹಿಲ್ ನಡುವಿನ ತಗ್ಗಿನಲ್ಲಿ ಅದು ಗುಡ್ಡವನ್ನು ದಾಟುತ್ತದೆ. ಕಾರುಗಳು ಬರುವ ರಸ್ತೆಯಾದ್ದರಿಂದ ಸಾಲಾಗಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು, ಆಯಾಸವಾದರೆ ಇಳಿದು ತಳ್ಳುವುದಕ್ಕೆ ಸಂಕೋಚ ಬೇಡ. ತುದಿ ದಾಟಿದ ಮೇಲೆ ಲಾಕರಿಜ್‌ವರೆಗೆ ಪೆಡಲ್ ತುಳಿಯುವ ಕೆಲಸ ಕಡಿಮೆ. ವೆಸ್ಟ್ ಓವರ್ಟನ್, ಈಸ್ಟ್ ಕೆನೆಟ್ ಹಳ್ಳಿಗಳನ್ನು ದಾಟಿ ಬೈವೇ ಹಿಡಿದು ಓವರ್ಟನ್ ಹಿಲ್ ತಲುಪಿದಾಗ ಎ4 ಹೆದ್ದಾರಿ ಅಡ್ಡ ಬರುತ್ತದೆ. ಅಲ್ಲಿ ಇಳಿದು, ನಡೆದೇ ದಾಟಬೇಕು.

ಹೆದ್ದಾರಿಯ ಆಚೆ ಬದಿಯಿಂದ ರಿಡ್ಜ್‌ವೇ ಆರಂಭವಾಗುತ್ತದೆ. ಇತಿಹಾಸಪೂರ್ವ ಕಾಲದ ಹಾದಿಯನ್ನು ಅನುಸರಿಸುವ, 139 ಕಿಲೋಮೀಟರ್ ಉದ್ದದ ಈ ಮಾರ್ಗದ ಪಶ್ಚಿಮಾರ್ಧದಲ್ಲಿ, ಎಂದರೆ ಥೇಮ್ಸ್ ನದಿಯವರೆಗೆ, ಸೈಕಲ್ ಹೋಗಬಹುದು. ನಾವು ಅದರಲ್ಲಿ ಸ್ವಲ್ಪ ದೂರ ಮಾತ್ರ ಸಾಗಿ, ಗ್ರೀನ್ ಸ್ಟ್ರೀಟ್ ಎಂಬ ಜಾಡು ಸಿಕ್ಕಲ್ಲಿ ಎಡಕ್ಕೆ ಇಳಿದರೆ ಏವ್‌ಬರಿ. ಜಗತ್ತಿನ ಅತಿದೊಡ್ಡ ಕಲ್ಲಿನ ವೃತ್ತ ಇಲ್ಲಿಯದು, 1986ರಿಂದ ಸ್ಟೋನ್‌ಹೆಂಜ್ ಎಂಬ ಪ್ರಸಿದ್ಧ ಕಲ್ಲಿನ ವೃತ್ತದ ಜೊತೆ ವಿಶ್ವ ಪರಂಪರೆಯ ತಾಣವೂ ಹೌದು. ನನ್ನ ಮಟ್ಟಿಗೆ ಸ್ಟೋನ್‌ಹೆಂಜ್‌ಗಿಂತ ಇದೇ ಮೇಲು. ಇಲ್ಲಿ ಬೇಲಿಯ ಆಚೆ ನಿಂತು ನೋಡಬೇಕಿಲ್ಲ, ಕಲ್ಲುಗಳನ್ನು ಮುಟ್ಟಬಹುದು, ವೃತ್ತದೊಳಗೇ ಒಂದು ಹಳ್ಳಿಯಿದೆ. ತಂಗುವ ಕೋಣೆಗಳು ಕೆಲವೇ ಆದ್ದರಿಂದ ವಾರಗಳ ಮುಂಚೆ ಕಾಯ್ದಿರಿಸಬೇಕು.

ಎರಡನೆಯ ದಿನ: ಹಳೆಯ ರೈಲುದಾರಿ

ಬೆಳಿಗ್ಗೆ ಅದೇ ಗ್ರೀನ್ ಸ್ಟ್ರೀಟ್ ಹತ್ತಿ, ರಿಡ್ಜ್‌ವೇಯನ್ನು ಅಡ್ಡ ದಾಟಿ, ನೇರ ಪೂರ್ವಕ್ಕೆ ಮಾರ್ಲ್‌ಬರೋ ಕಡೆ ಸಾಗಬೇಕು. ಈ ಏರು ದೀರ್ಘವೇ ಹೊರತು ಕಡಿದಲ್ಲ. ಫೈಫೀಲ್ಡ್ ಡೌನ್ ಸಂರಕ್ಷಿತ ಪ್ರದೇಶದಲ್ಲಿ ಸಾರ್ಸೆನ್ ಬಂಡೆಗಳು ಹುಲ್ಲಿನ ಮೇಲೆ ಚದುರಿಬಿದ್ದಿವೆ. ಮುಂದೆ ರೇಸ್ ಕುದುರೆಗಳನ್ನು ಓಡಿಸುವ ಬಯಲುಗಳು ಬರುತ್ತವೆ. ಕುದುರೆಯ ಹಿಂದಿನಿಂದ ಸದ್ದಿಲ್ಲದೆ ಹೋಗುವುದು ಅಪಾಯಕಾರಿ, ಹತ್ತಿರದಲ್ಲಿ ಬೆಲ್ ಹೊಡೆಯುವುದೂ ಅಷ್ಟೇ. ದೂರದಿಂದಲೇ ಸವಾರರಿಗೆ ಮಾತಿನಲ್ಲಿ ತಿಳಿಸಿ, ಅವರು ಹೇಳಿದ ಮೇಲೆ ನಿಧಾನವಾಗಿ ಮುಂದೆ ಹೋಗಬೇಕು.

ಮಾರ್ಲ್‌ಬರೋದ ಅಗಲವಾದ ಪೇಟೆಬೀದಿಯಲ್ಲಿ ತಿಂಡಿ, ನೀರು, ಬೇಕಾದರೆ ಟ್ಯೂಬು ಕೊಂಡು, ಪಟ್ಟಣದ ಅಂಚಿನಿಂದ ರಾಷ್ಟ್ರೀಯ ಸೈಕಲ್ ಜಾಲದ 482ನೆಯ ಮಾರ್ಗವನ್ನು ಹಿಡಿಯಬೇಕು. 1961ರಲ್ಲಿ ಪ್ರಯಾಣಿಕರ ರೈಲು ನಿಂತ ಹಳಿಯ ಜಾಗದಲ್ಲಿ ಮಾಡಿದ ಈ ಹಾದಿ ಆಗ್‌ಬರ್ನ್ ಹಳ್ಳಿಗಳ ಪಕ್ಕದಿಂದ ಚಿಸಲ್‌ಡನ್‌ವರೆಗೆ ಹೋಗುತ್ತದೆ. ಉಗಿಬಂಡಿಗೆಂದು ಹದಗೊಳಿಸಿದ ಇಳಿಜಾರಾದ್ದರಿಂದ ಏರು ಕಾಲಿಗೆ ಅಷ್ಟಾಗಿ ತಿಳಿಯುವುದಿಲ್ಲ. ಮಕ್ಕಳನ್ನು ಕರೆದೊಯ್ಯುವವರು ಉಳಿದದ್ದನ್ನೆಲ್ಲ ಬಿಟ್ಟು ಇದೊಂದನ್ನೇ ಮಾಡಿದರೂ ಸರಿ.

ಚಿಸಲ್‌ಡನ್ ನಂತರ 45ನೆಯ ಮಾರ್ಗದ ಫಲಕಗಳನ್ನು ಅನುಸರಿಸಿ, ಎಂ4 ಹೆದ್ದಾರಿಯನ್ನು ದಾಟಿ, ಕೋಟ್ ವಾಟರ್ ಉದ್ಯಾನದ ಮೂಲಕ ಸ್ವಿಂಡನ್ ಸೇರಬಹುದು. ಅಲ್ಲಿಂದ ಪ್ಯಾಡಿಂಗ್ಟನ್ನಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ದೂರದ ರೈಲುಗಳಲ್ಲಿ ಸೈಕಲ್ಲಿಗೆ ಜಾಗ ಬಹಳ ಕಡಿಮೆ. ಆದ್ದರಿಂದ ಹೋಗುವಾಗ, ಬರುವಾಗ ಎರಡಕ್ಕೂ ಟಿಕೆಟಿನ ಜೊತೆಯಲ್ಲೇ ಸೈಕಲ್ಲಿನ ಜಾಗವನ್ನೂ ಕಾಯ್ದಿರಿಸಿ. ಬೋಗಿಯ ಗೂಡಿನಲ್ಲಿ ಸೈಕಲ್ಲನ್ನು ಚಕ್ರದಿಂದ ನೇರವಾಗಿ ತೂಗುಹಾಕಬೇಕಾಗುವುದರಿಂದ, ಕ್ಯಾರಿಯರಿನ ಚೀಲಗಳನ್ನು ರೈಲು ಬರುವ ಮೊದಲೇ ಕಳಚಿ ಕೈಯಲ್ಲಿ ಹಿಡಿದಿರಿ.